ಗಂಡಿನ ಮನೆ ನೋಡಿ ಬಂದೆ

ಎರಿನ್ ಮಿಲ್ಸ್, ಮಿಸಿಸಾಗ
ಭಾನುವಾರ, ೩೦ ನವೆಂಬರ್ ೨೦೨೫

ಪ್ರೀತಿಯ ಸಾಹಿತ್ಯ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ಮಂಡಿನೋವು ಹೆಚ್ಚಾಗಿಲ್ಲ, ಫರ್ನೇಸು ಕೆಲಸ ಮಾಡುತ್ತಿದೆ. ನೀನು ಫೋನಿನಲ್ಲಿ ಕೇಳುವ ಮೂರು ಪ್ರಶ್ನೆಗಳಿಗೂ ಮೊದಲೇ ಉತ್ತರ ಕೊಟ್ಟುಬಿಟ್ಟಿದ್ದೇನೆ. ಇನ್ನು ನಿಶ್ಚಿಂತೆಯಿಂದ ಓದು.

ಮೊರಾಕೊದಿಂದ ಬಂದು ಎರಡು ವಾರದ ಮೇಲಾಯಿತು. ನೀನು ಕಳಿಸಿದ ಮೆಸೇಜುಗಳಿಗೆಲ್ಲ ಬರೀ ಹೆಬ್ಬೆಟ್ಟಿನ ಚಿತ್ರ ಒತ್ತಿ ಸುಮ್ಮನಾದೆ. ಬೇಜಾರು ಮಾಡಿಕೊಳ್ಳಬೇಡ. ಹೇಳುವುದು ಬಹಳ ಇತ್ತು. ಫೋನಿನಲ್ಲಿ ಶುರು ಮಾಡಿದರೆ ನೀನು "ಅಮ್ಮಾ, ಇನ್ನೊಂದು ಕಾಲ್ ಬರ್ತಿದೆ" ಎನ್ನುತ್ತೀಯ, ನಾನು "ಸರಿ ಕಣೇ" ಎನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಕನ್ನಡ ಓದುವುದು ನಿನಗೆ ನಿಧಾನ ಎಂದು ಗೊತ್ತು. ನಿಧಾನವಾಗಲಿ ಎಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ರಫಾಯೆಲ್‌ಗೆ ಓದಿ ಹೇಳುವಾಗ ಅವನ ಮನೆಯವರ ಬಗ್ಗೆ ಬರೆದದ್ದನ್ನು ನುಂಗಿಕೊಳ್ಳಬೇಡ, ಪೂರ್ತಿ ಹೇಳು.

ಮೊದಲು ನಮ್ಮ ಜಗಳದ ವಿಷಯ. ಗೌರಿ ಹಬ್ಬದ ದಿನ ಇದೇ ಮೇಜಿನ ಮುಂದೆ ಕೂತು, ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ನೀನು ಎಲ್ಲವನ್ನೂ ಒಟ್ಟಿಗೆ ಹೇಳಿದೆ. ಜನವರಿಯಲ್ಲಿ ನೀನು ರಬ್ಬಿಗಳ ಮುಂದೆ ಶಾಸ್ತ್ರೋಕ್ತವಾಗಿ ನೀರಿನಲ್ಲಿ ಮುಳುಗಿ ಯಹೂದಿಯಾಗುತ್ತೀಯ. ಜೂನ್‌ನಲ್ಲಿ ಥಾರ್ನ್‌ಹಿಲ್‌ನಲ್ಲಿ ಅವರ ಪದ್ಧತಿಯಂತೆ ರಫಾಯೆಲ್ ಜೊತೆ ಮದುವೆ. ಅದಕ್ಕಾಗಿ ಎರಡು ವರ್ಷದಿಂದ ಪಾಠಕ್ಕೆ ಹೋಗುತ್ತಿದ್ದೀಯ ಎನ್ನುವುದೂ ಅವತ್ತೇ ಗೊತ್ತಾಯಿತು. ಮಂಗಳವಾರ ಸಂಜೆ ಜಿಮ್ ಅಂದಿದ್ದು ಆ ಪಾಠ. "ಹಾಗಾದ್ರೆ ಮದುವೆಗೆ ನಾನು ಬರಲ್ಲ" ಅಂದೆ. "ದಟ್ಸ್ ಯುವರ್ ಚಾಯ್ಸ್, ಅಮ್ಮ" ಎಂದು ನೀನು ತಟ್ಟೆ ತೊಳೆದಿಟ್ಟು ನಾರ್ತ್ ಯಾರ್ಕಿನ ನಿನ್ನ ಮನೆಗೆ ಹೊರಟುಹೋದೆ. ಕೂಗಾಡಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ, ತಟ್ಟೆ ತೊಳೆದಿಟ್ಟು ಹೋದೆಯಲ್ಲ, ಅದು ಚುಚ್ಚಿತು.

ಆಡಿದ ಮಾತನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ತಿಳಿಯದೆ ನಾನು ದಿನಾ ಬೆಳಿಗ್ಗೆ ಎರಿನ್ ಮಿಲ್ಸ್ ಮಾಲಿನೊಳಗೆ ಸುತ್ತು ಹಾಕುತ್ತಿದ್ದಾಗ ರಫಾಯೆಲ್‌ನ ತಾಯಿ ಪರ್ಲಾ ಅವರ ಫೋನು ಬಂತು. ಹುಟ್ಟಿದೂರನ್ನು ನೋಡಲು ಮೊರಾಕೊಗೆ ಹೊರಟಿದ್ದಾರೆ, ಜೊತೆಗೆ ಬರಬೇಕಾಗಿದ್ದ ಮಾಂಟ್ರಿಯಾಲಿನ ತಂಗಿ ಕೈ ಮುರಿದುಕೊಂಡಿದ್ದಾಳೆ, ನಾನು ಬರುತ್ತೇನೆಯೇ ಎಂದರು. "ರಾಜಾ, ನೀವು ಸಿಟ್ಟಾಗಿದ್ದೀರಿ ಅಂತ ಗೊತ್ತು. ಸಿಟ್ಟನ್ನೂ ಜೊತೆಗೇ ತನ್ನಿ. ಅಲ್ಲಿ ಬಿಸಿಲಾದರೂ ಇದೆ" ಅಂದರು. ರಾಜಲಕ್ಷ್ಮಿಯನ್ನು ತುಂಡು ಮಾಡಿ ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ರಾಜಾ ಎಂದು ಕರೆದಿರಲಿಲ್ಲ. ಆ ಧೈರ್ಯಕ್ಕೇ ಒಪ್ಪಿಕೊಂಡೆ ಎಂದು ಕಾಣುತ್ತದೆ.

ಇನ್ನೊಂದು ಕಾರಣವೂ ಇತ್ತು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿಕೊಂಡು ಬರುವುದಿದೆ. ಬಾವಿಯಲ್ಲಿ ನೀರಿದೆಯೇ, ಅಡುಗೆಮನೆಗೆ ಬೆಳಕಿದೆಯೇ, ಮನೆಯ ಹಿರಿಯರನ್ನು ಹೇಗೆ ನೋಡಿಕೊಳ್ಳುತ್ತಾರೆ, ಎಲ್ಲವನ್ನೂ ಕಾಫಿ ಕುಡಿಯುತ್ತ ಕಣ್ಣಲ್ಲೇ ಅಳೆದು ಬರುತ್ತಾರೆ. ನನ್ನ ಮದುವೆಗೆ ಮುಂಚೆ ನನ್ನ ಅಪ್ಪ ನಂಜನಗೂಡಿಗೆ ಹೋಗಿ ಬಂದು "ನೀರು ಸಿಹಿ, ಅತ್ತೆ ಜೋರು" ಎಂದು ವರದಿ ಕೊಟ್ಟರು. ಎರಡೂ ನಿಜವಾಗಿತ್ತು. ನಿನ್ನ ಅಪ್ಪ ಸತ್ಯಪ್ರಕಾಶ್ ಇದ್ದಿದ್ದರೆ ಅವರು ಹೋಗುತ್ತಿದ್ದರು, ಅವರಿಲ್ಲ. ಥಾರ್ನ್‌ಹಿಲ್ಲಿನ ಪರ್ಲಾ ಅವರ ಮನೆಯನ್ನು ನಾನು ನೋಡಿದ್ದೆ, ಎಲ್ಲರ ಮನೆಯಂತೆ ಗರಾಜು, ಡೆಕ್ಕು, ಬೇಸ್‌ಮೆಂಟು. ಅದರಲ್ಲಿ ತಿಳಿಯುವುದೇನೂ ಇಲ್ಲ. ಬೇರು ಎಲ್ಲಿದೆಯೋ ಅಲ್ಲಿಗೇ ಹೋಗಿ ನೋಡಬೇಕು, ನೋಡಿ ಬಂದು ಬೇಡ ಎನಿಸಿದರೆ ಬೇಡ ಎಂದೇ ಹೇಳಬೇಕು ಎಂದು ನಿರ್ಧಾರ ಮಾಡಿ ಹೊರಟೆ.

ದಾರಿಯಲ್ಲಿ ಮೊದಲ ಪರೀಕ್ಷೆ ಊಟದ್ದು. ನಾನು ಅವಲಕ್ಕಿ, ಚಟ್ನಿಪುಡಿ, ಹುರಿಗಾಳು ಕಟ್ಟಿಕೊಂಡಿದ್ದೆ. ಅವರು ಬ್ಯಾಥರ್ಸ್ಟ್ ಸ್ಟ್ರೀಟಿನ ಬೇಕರಿಯ ರೊಟ್ಟಿ, ಡಬ್ಬಿ ಮೀನು, ತಮ್ಮದೇ ಚಮಚ, ತಮ್ಮದೇ ತಟ್ಟೆ. ಹಾಲಿನದು ಬೇರೆ, ಮಾಂಸದ್ದು ಬೇರೆ, ಒಂದಕ್ಕೊಂದು ತಾಕಬಾರದು. ಹೋಟೆಲಿನ ಪಾತ್ರೆ ಬೇಡವೇ ಬೇಡ. ಪಾಪ, ಬಹಳ ಸಂಕೋಚದಿಂದ ನನಗೆ ವಿವರಿಸಲು ಬಂದರು. ನಾನು ನಗಾಡಿದೆ. ಮಡಿ, ಮುಸುರೆ ಎಂದು ಸಾಯುವ ತನಕ ನನ್ನ ಕೈಯಲ್ಲಿ ನೀರು ಮುಟ್ಟಿಸುತ್ತಿದ್ದ ನಿನ್ನ ಅಜ್ಜಿಯ ಸೊಸೆಗೆ ಇದನ್ನು ಹೇಳಿಕೊಡಬೇಕೇ? ನಾನು ಮನೆ ಬಿಟ್ಟು, ಏಳು ಸಮುದ್ರ ದಾಟಿ ಬಂದು, ಈಗ ಮಗಳ ಮೂಲಕ ಮತ್ತೆ ಅದೇ ಅಡುಗೆಮನೆಗೆ ಬಂದು ಸೇರಿದೆನಲ್ಲ ಎನಿಸಿತು. ಒಂದು ಮಾತು ಈಗಲೇ ಹೇಳುತ್ತೇನೆ, ಸಾಹಿತ್ಯ. ಈ ಮಡಿ ಸುಲಭವಲ್ಲ. ಇಲ್ಲಿ ಪ್ಲೇಟು ಸಿಂಕಿನಲ್ಲೇ ಬಿಟ್ಟು ಮಲಗುವ ನಿನಗೆ ಹಾಲಿಗೊಂದು ಮಾಂಸಕ್ಕೊಂದು ಎಂದು ಎರಡು ಸಿಂಕು ನಿಭಾಯಿಸಲು ಆಗುತ್ತದೆಯೇ, ನೋಡಿಕೋ.

ಮೊದಲ ನಾಲ್ಕು ದಿನ ಫೆಜ್ ನಗರದಲ್ಲಿ ಸುತ್ತಾಡಿದೆವು. ಊರ ಹಳೆಯ ಯಹೂದಿ ಕೇರಿಯ ಮನೆಗಳಿಗೆ ಬೀದಿಯ ಕಡೆ ಮರದ ಬಾಲ್ಕನಿಗಳಿವೆ. ಈಗ ಅಲ್ಲಿ ಯಹೂದಿಗಳಿಲ್ಲ, ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ. ಪರ್ಲಾ ನನ್ನನ್ನು ಒಂದು ಹಳೆಯ ಸಿನಗಾಗ್, ಅಂದರೆ ಅವರ ಪ್ರಾರ್ಥನಾ ಮಂದಿರದ ಒಳಗೆ ಕರೆದುಕೊಂಡು ಹೋಗಿ, ಮೆಟ್ಟಿಲಿಳಿದು ನೆಲಮಾಳಿಗೆಯಲ್ಲಿ ಶುದ್ಧಿಯ ಸ್ನಾನದ ಮಿಕ್ವೆ ತೋರಿಸಿದರು. ಚಿಕ್ಕ ಕಲ್ಯಾಣಿ, ಅಷ್ಟೇ. ನೀರಿರಲಿಲ್ಲ. ನೀನು ಜನವರಿಯಲ್ಲಿ ಇಳಿಯುವುದು ಇಂಥದ್ದಕ್ಕೇ ಎಂದು ಗೊತ್ತಿದ್ದರಿಂದ ಬಹಳ ಹೊತ್ತು ನೋಡುತ್ತ ನಿಂತೆ. ಮೆಟ್ಟಿಲು ಕಡಿದಾಗಿದೆ, ಹುಷಾರಾಗಿ ಇಳಿ ಎಂದು ನಿನಗೆ ಹೇಳಬೇಕು ಎನಿಸಿತು. ಆಮೇಲೆ ಥಾರ್ನ್‌ಹಿಲ್ಲಿನದಕ್ಕೆ ಕಂಬಿ, ಟೈಲು, ಬಿಸಿನೀರು ಎಲ್ಲ ಇರುತ್ತದೆ ಎಂದು ಪರ್ಲಾ ಹೇಳಿದರು.

ಅಲ್ಲಿಂದ ಒಂದು ದಿನ ವೊಲುಬಿಲಿಸ್‌ಗೆ ಹೋದೆವು. ರೋಮನ್ನರ ಕಾಲದ ಪಾಳು ಊರು, ಬಯಲಿನ ಮಧ್ಯೆ ಕಂಬಗಳು, ಎಣ್ಣೆ ತೆಗೆಯುವ ಗಾಣದ ಕಲ್ಲುಗಳು, ನೆಲದ ಮೇಲೆ ಬಣ್ಣದ ಹರಳುಗಳ ಚಿತ್ತಾರ. ಇಲ್ಲಿ ಹೀಬ್ರೂ ಬರಹದ ಕಲ್ಲುಗಳೂ ಸಿಕ್ಕಿವೆ, ಅರಬರು ಬರುವ ಮುಂಚೆಯೇ ಇಲ್ಲಿ ಯಹೂದಿಗಳಿದ್ದರು ಎಂದು ಗೈಡು ಹೇಳಿದ. ಪರ್ಲಾ ಅವರು ಬಿದ್ದ ಕಂಬದ ಮೇಲೆ ಕೂತು ಕಿತ್ತಳೆ ಸುಲಿಯುತ್ತ "ಇಷ್ಟು ವರ್ಷ ಇದ್ದೆವು, ಒಂದು ಹದಿನೈದು ವರ್ಷದಲ್ಲಿ ಖಾಲಿ ಮಾಡಿದೆವು" ಅಂದರು. ಯಾಕೆ ಎಂದು ಕೇಳಿದೆ. "ಹೆದರಿಕೆ ಸ್ವಲ್ಪ, ಆಸೆ ಸ್ವಲ್ಪ, ಪಕ್ಕದ ಮನೆಯವರು ಹೊರಟರು ಅಂತ ಸ್ವಲ್ಪ" ಅಂದರು. ನಾವು ಮೈಸೂರು ಬಿಟ್ಟ ಕಾರಣವನ್ನು ಯಾರಾದರೂ ಕೇಳಿದರೆ ನಾನು ಇಷ್ಟು ಪ್ರಾಮಾಣಿಕವಾಗಿ ಹೇಳುತ್ತಿರಲಿಲ್ಲ.

ಐದನೆಯ ದಿನ ಅವರ ಊರು ಸೆಫ್ರು. ಊರ ಮಧ್ಯೆ ಹೊಳೆ ಹರಿಯುತ್ತದೆ. ನೀರಿಗೆ ತೊಂದರೆಯಿಲ್ಲ ಎಂದು ಮನಸ್ಸಿನಲ್ಲಿ ಬರೆದುಕೊಂಡೆ. ಪರ್ಲಾ ಒಂಬತ್ತು ವರ್ಷದವರಿದ್ದಾಗ ಬಿಟ್ಟ ಮನೆ ಇನ್ನೂ ಇದೆ, ಈಗ ಒಂದು ಮುಸ್ಲಿಂ ಕುಟುಂಬ ಇದೆ. ಬಾಗಿಲು ತೆರೆದ ಹೆಂಗಸಿಗೆ ಇವರು ಅರಬ್ಬಿಯಲ್ಲಿ ತಂದೆಯ ಹೆಸರು ಹೇಳಿದ ಕೂಡಲೇ ಆಕೆ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಪುದೀನ ಚಹಾ ಇಟ್ಟರು. ಬಾಗಿಲ ಚೌಕಟ್ಟಿನಲ್ಲಿ ಬೆರಳುದ್ದದ ಒಂದು ಓರೆ ಗುಳಿ ಇದೆ. ಅವರ ಮಂತ್ರದ ಸುರುಳಿ ಇಡುವ ಮೆಜುಜಾ ಅಲ್ಲಿತ್ತಂತೆ. ಮೂರು ಸಲ ಬಣ್ಣ ಬಳಿದರೂ ಆ ಗುಳಿಯನ್ನು ಮುಚ್ಚಿಸಲಿಲ್ಲ ಎಂದು ಆ ಮನೆಯಾಕೆ ಹೇಳಿದರು. ನಾನು ಅಳು ಬರಬಹುದು ಎಂದು ಕರವಸ್ತ್ರ ಕೈಯಲ್ಲಿ ಹಿಡಿದುಕೊಂಡಿದ್ದೆ. ಪರ್ಲಾ ಅಳಲಿಲ್ಲ. ತಮ್ಮ ಅಜ್ಜಿ ಮಲಗುತ್ತಿದ್ದ ಮೂಲೆಯಲ್ಲಿ ಫ್ರಿಜ್ ಇಟ್ಟಿದ್ದಾರೆ ಎಂದು ಅದನ್ನು ಆ ಕಡೆ ಗೋಡೆಗೆ ಸರಿಸುವ ಬಗ್ಗೆ ಆಕೆಯ ಜೊತೆ ಅರ್ಧ ಗಂಟೆ ವಾದ ಮಾಡಿದರು. ಅಡುಗೆಮನೆಗೆ ಬೆಳಕು ಚೆನ್ನಾಗಿದೆ.

ಪರ್ಲಾ ಅವರನ್ನು ನಿನ್ನ ಬೀಗಿತ್ತಿ ಎಂದು ಬರೆಯಲು ಹೋದೆ, ನನ್ನ ಬೀಗಿತ್ತಿ, ನಿನಗೆ ಅತ್ತೆ. ನನ್ನ ಅಪ್ಪನ ಹಾಗೆ ವರದಿ ಕೊಡುವುದಾದರೆ: ನೀರು ಸಿಹಿ, ಅತ್ತೆ ಜೋರು. ಆದರೆ ನ್ಯಾಯವಂತೆ. ಸುಳ್ಳು ಹೇಳಿ ಸಮಾಧಾನ ಮಾಡುವ ಜನವಲ್ಲ.

ಇನ್ನು ಮುಖ್ಯವಾದದ್ದಕ್ಕೆ ಬರುತ್ತೇನೆ. ಸೆಫ್ರುವಿನ ಆಚೆ ಗುಡ್ಡದ ಮೇಲೆ ಅವರ ಒಬ್ಬ ಪುಣ್ಯಪುರುಷರ ಸಮಾಧಿ ಇದೆ. ಬಿಳಿ ಸುಣ್ಣ ಬಳಿದಿದ್ದಾರೆ. ಜನ ದೂರದೂರದಿಂದ ಬಂದು ಮೇಣದಬತ್ತಿ ಹಚ್ಚಿ ಹರಕೆ ಹೊರುತ್ತಾರೆ, ಮುಸ್ಲಿಂ ಹೆಂಗಸರೂ ಬರುತ್ತಾರಂತೆ. ನನಗೆ ನಮ್ಮ ಬೃಂದಾವನಗಳ ನೆನಪಾಯಿತು, ಕೈ ತಾನೇ ಮುಗಿಯಿತು. ಸಮಾಧಿಗೆ ಹೋದರೆ ತಲೆಗೆ ಸ್ನಾನವಾಗಬೇಕಲ್ಲ, ಎಲ್ಲಿ ಮಾಡುವುದು ಎಂದು ಒಳಗೊಳಗೇ ಯೋಚನೆಯಿತ್ತು. ಅವರಲ್ಲೂ ಹೊರಗೆ ಬರುವಾಗ ಕೈ ತೊಳೆಯುವುದಿದೆ. ಗೇಟಿನ ಹತ್ತಿರ ನೀರಿನ ಚೆಂಬು ಇಟ್ಟಿದ್ದು ನೋಡಿ ಅಷ್ಟರಲ್ಲೇ ತೃಪ್ತಿಪಟ್ಟೆ.

ಫೆಜ್‌ನಲ್ಲಿ ಉಳಿದಿರುವ ಕೆಲವೇ ಯಹೂದಿಗಳಲ್ಲಿ ಹಾಯಿಮ್ ಎನ್ನುವ ಹಿರಿಯರೊಬ್ಬರು ಪ್ರಾರ್ಥನೆ ಮಾಡಿಸಲು ನಮ್ಮ ಜೊತೆ ಕಾರಿನಲ್ಲಿ ಬಂದಿದ್ದರು. ಪರ್ಲಾ ತಮ್ಮ ಮಕ್ಕಳಿಗೆಲ್ಲ ಮಾಡಿಸಿದರು. ಆಮೇಲೆ ಹಾಯಿಮ್ ನನ್ನ ಕಡೆ ತಿರುಗಿ "ನಿಮ್ಮದು ಯಾರಿಗೆ?" ಎಂದು ಕೇಳಿದರು. ನಿನ್ನ ತಲೆನೋವು ನೆನಪಾಯಿತು. ಎರಡೆರಡು ದಿನ ಕತ್ತಲೆ ಕೋಣೆಯಲ್ಲಿ ಮಲಗಿರುತ್ತೀಯಲ್ಲ, ಅದು. "ಮಗಳಿಗೆ, ಆರೋಗ್ಯಕ್ಕೆ" ಅಂದೆ. ಹೆಸರು ಕೇಳಿದರು. ರಿಚ್ಮಂಡ್ ಹಿಲ್ ದೇವಸ್ಥಾನದಲ್ಲಿ ಅರ್ಚನೆಗೆ ಹೇಳಿ ಹೇಳಿ ಅಭ್ಯಾಸವಲ್ಲವೇ, ಒಂದೇ ಉಸಿರಿನಲ್ಲಿ "ಶ್ರೀವತ್ಸ ಗೋತ್ರ, ರೋಹಿಣಿ ನಕ್ಷತ್ರ, ವೃಷಭ ರಾಶಿ, ಸಾಹಿತ್ಯ" ಅಂದುಬಿಟ್ಟೆ. ಪಾಪ, ಅವರು ನನಗೆ ಅಷ್ಟೂ ಮಕ್ಕಳು ಎಂದುಕೊಂಡು ಶ್ರೀವತ್ಸನಿಂದ ಹಿಡಿದು ಒಬ್ಬೊಬ್ಬರನ್ನೇ ಹರಸಲು ಶುರು ಮಾಡಿದರು. ರೋಹಿಣಿಯ ಹತ್ತಿರ ಬರುವಷ್ಟರಲ್ಲಿ ಪರ್ಲಾ ತಡೆದರು. ಪುಣ್ಯಪುರುಷರ ಸಮಾಧಿಯ ಮುಂದೆ ನಾವು ಮೂವರು ಮುದುಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಗು ನಿಂತ ಮೇಲೆ ಹಾಯಿಮ್ "ತಾಯಿಯ ಹೆಸರೇನು?" ಅಂದರು. ನಾನು "ತಂದೆಯ ಹೆಸರು ಸತ್ಯಪ್ರಕಾಶ್" ಅಂದೆ. "ತಂದೆಯದು ಬೇಡ, ರಾಜಾ" ಎಂದು ಪರ್ಲಾ ಹೇಳಿದರು. "ಕಾಯಿಲೆಯವರಿಗೆ ಪ್ರಾರ್ಥನೆ ಮಾಡುವಾಗ ನಾವು ತಾಯಿಯ ಹೆಸರನ್ನೇ ಹೇಳೋದು. ಯಾವ ಹೊಟ್ಟೆಯಿಂದ ಬಂದದ್ದು ಅನ್ನೋದರಲ್ಲಿ ದೇವರಿಗೆ ಅನುಮಾನ ಇರಬಾರದು."

ನೀನೇ ಯೋಚಿಸು. ನಂಜನಗೂಡಿನಿಂದ ರಿಚ್ಮಂಡ್ ಹಿಲ್ ತನಕ ಎಷ್ಟು ದೇವರ ಮುಂದೆ ನಿಂತಿದ್ದೇನೆ. ಮೊದಲು ಅಪ್ಪನ ಗೋತ್ರ ಕೇಳಿದರು, ಮದುವೆಯಾದ ಮೇಲೆ ಗಂಡನ ಗೋತ್ರ ಕೇಳಿದರು. ನೀನು ಯಾರ ತಾಯಿ ಎಂದು ಯಾವ ದೇವರೂ ಕೇಳಿರಲಿಲ್ಲ. ನನ್ನ ಹೆಸರು ಹೇಳಿದೆ. ಹಾಯಿಮ್ ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ಕಣ್ಣು ಮುಚ್ಚಿ, ಗಟ್ಟಿಯಾಗಿ "ಸಾಹಿತ್ಯ ಬತ್ ರಾಜಲಷ್ಮಿ" ಎಂದರು. ರಾಜಲಕ್ಷ್ಮಿಯ ಮಗಳು ಸಾಹಿತ್ಯ. ಇಂಥ ಜನದ ಮನೆಗೆ ನನ್ನ ಮಗಳು ಹೋದರೆ ಹೋಗಲಿ ಎಂದು ಅಲ್ಲೇ, ಆ ಕಲ್ಲಿನ ಮುಂದೆಯೇ ಮನಸ್ಸು ಗಟ್ಟಿ ಮಾಡಿದೆ. ಫೆಜ್‌ಗೆ ವಾಪಸು ಬರುವಾಗ ಗುಡ್ಡ ಇಳಿದ ಮೇಲೆ ನಾನು ಮಾತಾಡಲಿಲ್ಲ. ಸುಸ್ತಾಗಿತ್ತು ಎಂದು ಇಟ್ಟುಕೋ.

ಹಾಗಾಗಿ ನನ್ನ ತೀರ್ಮಾನ ಕೇಳು. ಮದುವೆಗೆ ಬರುತ್ತೇನೆ. ಮೂಲೆಯಲ್ಲಿ ಕೂರುವ ಅತಿಥಿಯಾಗಿ ಅಲ್ಲ, ಹೆಣ್ಣಿನ ತಾಯಿಯಾಗಿ ನಿನ್ನ ಜೊತೆ ಆ ಮಂಟಪದ ಕೆಳಗೆ ನಡೆದು ಬರುತ್ತೇನೆ. ಹಾಗೆ ತಾಯಂದಿರು ನಡೆದು ಬರುವುದು ಅವರಲ್ಲಿ ಇದೆ ಎಂದು ವಿಚಾರಿಸಿಕೊಂಡೇ ಬರೆಯುತ್ತಿದ್ದೇನೆ. ಮೆರೂನ್ ಬಣ್ಣದ ಮೈಸೂರು ಸಿಲ್ಕ್ ಉಡುತ್ತೇನೆ, ಏನೂ ಹೇಳಬೇಡ. ನಮ್ಮ ಕನ್ನಡ ಅಸೋಸಿಯೇಷನ್ನಿನ ಹೆಂಗಸರು ಏನಾದರೂ ಅಂದರೆ ನಾನು ನೋಡಿಕೊಳ್ಳುತ್ತೇನೆ, ಅವರ ಬಾಯಿಯ ಅಳತೆ ನನಗೆ ಗೊತ್ತಿದೆ. ಜನವರಿಯಲ್ಲಿ ನೀನು ನೀರಿಗಿಳಿಯುವ ದಿನವೂ ಬರುತ್ತೇನೆ. ಒಳಗೆ ಬಿಡದಿದ್ದರೆ ಹೊರಗೆ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂರುತ್ತೇನೆ. ತಾರೀಖು, ವೇಳೆ, ಅಡ್ರೆಸ್ಸು ಮೂರನ್ನೂ ಕಳಿಸು. 407 ಹೈವೇಯಲ್ಲಿ ಬರುತ್ತೇನೆ, ಹಿಮ ಬಿದ್ದರೂ ಬರುತ್ತೇನೆ.

ರಫಾಯೆಲ್‌ಗೆ ನನ್ನ ಆಶೀರ್ವಾದ ಹೇಳು. ಅವನ ಮುತ್ತಜ್ಜಿ ಮಲಗುತ್ತಿದ್ದ ಮೂಲೆಯಿಂದ ಫ್ರಿಜ್ ಇನ್ನೂ ಸರಿದಿಲ್ಲ, ಅವನಮ್ಮ ಇನ್ನೊಂದು ಸಲ ಹೋಗಬೇಕು ಎನ್ನುತ್ತಿದ್ದಾರೆ ಎಂದೂ ಹೇಳು. ನಿಮ್ಮಿಬ್ಬರ ಮನೆ ನಗುವಿನಿಂದ ತುಂಬಿರಲಿ, ಎರಡೂ ಸಿಂಕು ಖಾಲಿಯಿರಲಿ.

ಇಂತಿ,
ನಿನ್ನ ಅಮ್ಮ
ರಾಜಲಕ್ಷ್ಮಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಇನ್ನೊಂದು ಹಾಳೆ ತೆಗೆದುಕೊಂಡೆ. ಅವತ್ತು ಕಾರಿನಲ್ಲಿ ನನಗೆ ಸುಸ್ತಾಗಿರಲಿಲ್ಲ. ಗುಡ್ಡ ಇಳಿಯುವಾಗ ನಾನು ಖುಷಿಯಲ್ಲಿ ಪರ್ಲಾ ಅವರಿಗೆ "ಇನ್ಮೇಲೆ ನಿಮ್ಮ ಸಿನಗಾಗ್‌ನಲ್ಲಿ ಅವಳಿಗೆ ಪ್ರಾರ್ಥನೆ ಮಾಡಿಸಿದಾಗಲೆಲ್ಲ ನನ್ನ ಹೆಸರು ಬರುತ್ತಲ್ಲ" ಅಂದೆ. ಅವರು ನನ್ನ ಕೈ ಹಿಡಿದುಕೊಂಡರು. "ಹೇಳದೆ ಇದ್ದರೆ ಮೋಸ ಆಗುತ್ತೆ, ರಾಜಾ. ಜನವರಿಯ ನಂತರ ಬರಲ್ಲ. ಆ ನೀರಿನಿಂದ ಎದ್ದವಳು ಆಗ ತಾನೇ ಹುಟ್ಟಿದ ಮಗು ಅಂತ ಲೆಕ್ಕ. ಆಮೇಲೆ ನಮ್ಮ ಕುಲದ ಆದಿ ದಂಪತಿಗಳೇ ಅವಳಿಗೆ ಹೆತ್ತವರು, ತಂದೆ ಅಬ್ರಹಾಮ್, ತಾಯಿ ಸಾರಾ. ಪ್ರಾರ್ಥನೆಯಲ್ಲಿ ಸಾರಾಳ ಮಗಳು ಅಂತಲೇ ಹೇಳಬೇಕು."

ಇದು ನಿನಗೆ ಮೊದಲೇ ಗೊತ್ತಿತ್ತು, ಅಲ್ಲವೇ? ಗೌರಿ ಹಬ್ಬದ ದಿನ ನೀನು ಹೇಳದೆ ಉಳಿಸಿದ್ದು ಇದೊಂದನ್ನೇ. ನನಗೆ ನೋವಾದೀತು ಎಂದು ಉಳಿಸಿದೆ ಎಂದುಕೊಂಡಿದ್ದೇನೆ. ನೋವಾಗಿದೆ, ಸಾಹಿತ್ಯ. ದೇವರು ಬದಲಾದರೆ ತಡೆದುಕೊಳ್ಳುತ್ತೇನೆ, ಊಟ ಬದಲಾದರೆ ತಡೆದುಕೊಳ್ಳುತ್ತೇನೆ. ಅವರು ಇಡುವ ಹೊಸ ಹೆಸರಿಗೂ ನನ್ನ ತಕರಾರಿಲ್ಲ. ನಾನು ಹುಟ್ಟಿದಾಗ ಶಾರದೆ. ಅತ್ತೆಯ ಹೆಸರೂ ಅದೇ ಎಂದು ಧಾರೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರ ಹಿಡಿಸಿ ರಾಜಲಕ್ಷ್ಮಿ ಎಂದು ಬರೆಸಿದರು. ಹೆಸರು ಹೋಯಿತು, ಗೋತ್ರ ಹೋಯಿತು. ಆದರೆ ನನ್ನ ಅಮ್ಮನ ಜಾಗದಲ್ಲಿ ಯಾರೂ ಬೇರೆಯವರನ್ನು ತಂದು ನಿಲ್ಲಿಸಲಿಲ್ಲ.

ಆಗ ಹುಟ್ಟಿದ ಮಗು ಎಂದಾದರೆ ಆ ಹೊತ್ತಿಗೆ ಪಕ್ಕದಲ್ಲಿ ತಾಯಿ ಇರಬೇಕಲ್ಲ. ಅದಕ್ಕೇ ಆ ದಿನ ಬರುತ್ತೇನೆ ಎಂದದ್ದು. ನೀನು ಹೊರಗೆ ಬಂದಾಗ ನಿನ್ನ ಒದ್ದೆ ತಲೆ ಒರೆಸುವುದು ನಾನೇ, ಈ ವಿಷಯದಲ್ಲಿ ಯಾವ ರಬ್ಬಿಯ ಮಾತನ್ನೂ ಕೇಳುವುದಿಲ್ಲ. ಮನೆಗೆ ಬಂದ ಮೇಲೆ ಸಾರಾಳ ಕಥೆ ಓದಿದೆ. ತೊಂಬತ್ತನೆಯ ವಯಸ್ಸಿಗೆ ಮಗುವಿನ ಮುಖ ಕಂಡ ಹೆಂಗಸು. ನಾನು ನಿನಗಾಗಿ ಹನ್ನೊಂದು ವರ್ಷ ಕಾದಿದ್ದೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಪ್ರಾರ್ಥನೆಯಲ್ಲಿ ಆಕೆಯ ಹೆಸರೇ ಹೇಳಲಿ, ನಾನು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತೇನೆ. ಆದರೆ ತಲೆನೋವು ಬಂದ ದಿನ ಮೊದಲು ನನಗೆ ಫೋನ್ ಮಾಡು.